ಆಮೆನ್ ಎನ್ನದೆ ವಿಧಿಯಿಲ್ಲ

ನನಗೆ ಸಿಟ್ಟು ಬೇಗ ಬರುತ್ತದೆ. ಇದನ್ನು ನಾನೇ ಹೇಳಿಕೊಳ್ಳಬೇಕಾಗಿಲ್ಲ, ಕುಕ್ ಟೌನಿನ ನಮ್ಮ ಬೀದಿಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಹನ್ನೊಂದು ತಿಂಗಳು ಅದು ಹಾಲಿನವನ ಮೇಲೆ, ಅಗೆದು ಬಿಟ್ಟ ರಸ್ತೆಯ ಮೇಲೆ, ನಮ್ಮ ಗೇಟಿನ ಮುಂದೆ ಕಾರು ನಿಲ್ಲಿಸಿ ಕಾಣೆಯಾಗುವವರ ಮೇಲೆ ಸ್ವಲ್ಪಸ್ವಲ್ಪವಾಗಿ ಹಂಚಿಹೋಗುತ್ತದೆ. ಡಿಸೆಂಬರಿನಲ್ಲಿ ಮಾತ್ರ ಇಡಿಯಾಗಿ ಬರುತ್ತದೆ. ಭೂಮಿಯ ಮೇಲೆ ಸಮಾಧಾನ ಎಂದು ಎಲ್ಲರೂ ಹಾಡುವ ತಿಂಗಳಲ್ಲಿ ನನಗೆ ಮೈಯೆಲ್ಲ ಉರಿಯುತ್ತಿರುತ್ತದೆ. ಅದಕ್ಕೆ ಕಾರಣ ನಮ್ಮ ಮನೆ ಪ್ರಾರ್ಥನೆಗಳು.

ಕ್ರಿಸ್‌ಮಸ್‌ಗೆ ಮುಂಚಿನ ಭಾನುವಾರಗಳಲ್ಲಿ, ಮಧ್ಯಾಹ್ನ ನಾಲ್ಕಕ್ಕೆ, ನಮ್ಮ ಚರ್ಚಿನವರು ಸರದಿಯಂತೆ ಒಬ್ಬೊಬ್ಬರ ಮನೆಯಲ್ಲಿ ಸೇರುತ್ತೇವೆ. ಎರಡು ಹಾಡು, ಒಂದು ಬೈಬಲ್ ಪಾಠ. ಆಮೇಲೆ ಎಲ್ಲರೂ ಕಣ್ಣು ಮುಚ್ಚಿ ಕೂರಬೇಕು, ಮನಸ್ಸಾದವರು ಬಾಯಿಬಿಟ್ಟು ಪ್ರಾರ್ಥಿಸಬೇಕು. ಕೊನೆಗೆ ಚಹಾ, ಕೇಕು, ಹಿಟ್ಟಿನ ಸುರುಳಿ ಕರಿದು ಮಾಡಿದ ಸಿಹಿ ಕಲ್‌ಕಲ್. ಕೇಳುವುದಕ್ಕೇನೋ ಚೆನ್ನಾಗಿದೆ. ಆದರೆ ಎದುರಿಗೆ ಹೇಳಲಾಗದ್ದನ್ನೆಲ್ಲ ನಮ್ಮವರು ದೇವರಿಗೆ ಹೇಳುತ್ತಾರೆ, ಅದೂ ಪಕ್ಕದವರಿಗೆ ಕೇಳಿಸುವಷ್ಟು ಗಟ್ಟಿಯಾಗಿ! ಹೋದ ವರ್ಷ ಪಕ್ಕದ ಮನೆಯ ಗ್ರೇಸಮ್ಮ, "ಕರ್ತನೇ, ಬೆಳಿಗ್ಗೆ ಐದಕ್ಕೇ ಪಂಪ್ ಹಾಕಿ ಅಕ್ಕಪಕ್ಕದವ್ರ ನಿದ್ದೆ ಕೆಡ್ಸೋರಿಗೆ ಒಳ್ಳೇ ಬುದ್ಧಿ ಕೊಡಪ್ಪಾ" ಎಂದು ಕಣ್ಣೀರು ಹಾಕಿಕೊಂಡು ಬೇಡಿದರು. ನಮ್ಮ ಬೀದಿಯಲ್ಲಿ ಐದಕ್ಕೆ ಪಂಪ್ ಹಾಕುವವನು ನಾನೊಬ್ಬನೇ. ನಡುವೆ ಬಾಯಿ ಹಾಕುವ ಹಾಗಿಲ್ಲ, ಅದು ಪ್ರಾರ್ಥನೆ. ಎದ್ದು ಹೋಗುವ ಹಾಗಿಲ್ಲ, ಅದೂ ಪ್ರಾರ್ಥನೆಯೇ. ಮುಗಿದ ಮೇಲೆ ಎಲ್ಲರ ಜೊತೆ "ಆಮೆನ್" ಎನ್ನಬೇಕು, ಅಂದರೆ ಹಾಗೆಯೇ ಆಗಲಿ ಎಂದು. ನನ್ನ ಮೇಲಿನ ದೂರಿಗೆ ನಾನೇ ರುಜು ಹಾಕಿ, ಅದೇ ಗ್ರೇಸಮ್ಮ ಕೊಟ್ಟ ಕಲ್‌ಕಲ್ ತಿಂದು ಬಂದೆ.

ಈ ವರ್ಷದ ಏಟು ಸ್ವಂತ ರಕ್ತದಿಂದಲೇ ಬಿತ್ತು. ಮನೆಮನೆಗೆ ಹೋಗಿ ಹಾಡುವ ನಮ್ಮ ಕ್ಯಾರಲ್ ತಂಡದಲ್ಲಿ ನಾನು ಮೂವತ್ತು ವರ್ಷದಿಂದ ಇದ್ದೇನೆ. ಈಗ ತಂಡ ನಡೆಸುವವಳು ನನ್ನ ತಮ್ಮನ ಮಗಳು ಕೃಪಾ. ಅವಳಿಗೆ ಮೊದಲ ಹಾಡು ಕಲಿಸಿದವನು ನಾನೇ. ಮಾರತ್ತಹಳ್ಳಿಯ ಟ್ರಾಫಿಕ್ಕು ದಾಟಿ ಅಭ್ಯಾಸಕ್ಕೆ ಬಂದವಳು, ಒಂದು ಲೋಟ ನೀರೂ ಕುಡಿಯದೆ, "ದೊಡ್ಡಪ್ಪಾ, ಈ ಸಲ ನೀವು ಸ್ಟಾರ್ ಹಿಡ್ಕೊಂಡ್ಬಿಡಿ. ಮುಂದೆ ನಡೀತಿರಿ, ಸಾಕು" ಎಂದಳು. ಸ್ಟಾರ್ ಎಂದರೆ ಕೋಲಿನ ತುದಿಗೆ ಕಟ್ಟಿದ ಕಾಗದದ ನಕ್ಷತ್ರ. ಹಾಡಲು ಬಾರದವರ ಕೈಗೆ ಅದನ್ನು ಕೊಡುವುದು ನಮ್ಮಲ್ಲಿ ವಾಡಿಕೆ.

"ಯಾಕಮ್ಮಾ, ನನ್ನ ಗಂಟಲಿಗೆ ಏನಾಗಿದೆ?"

"ಏನೂ ಆಗಿಲ್ಲ ದೊಡ್ಡಪ್ಪಾ. ಬಾಸ್ ಸೈಡ್ ಸ್ವಲ್ಪ ಜಾಸ್ತಿ ಆಗ್ಬಿಟ್ಟಿದೆ, ಅಷ್ಟೇ."

ಬಾಸ್, ಅಂದರೆ ಕೆಳಸ್ಥಾಯಿಯಲ್ಲಿ ಹಾಡುವ ಗಂಡಸರು, ಇರುವುದೇ ಇಬ್ಬರು, ನಾನೂ ಸೇರಿ! ಮನೆಗೆ ಬಂದು ಹೆಂಡತಿ ಸುಗುಣಳ ಮುಂದೆ ಕೂಗಾಡಿದೆ. ಹಾಡಿಲ್ಲದಿದ್ದರೆ ನನಗೆ ಹಬ್ಬವೇ ಬೇಡ, ಕೇಕು ಬೇಡ, ಕಮರ್ಷಿಯಲ್ ಸ್ಟ್ರೀಟಿನಿಂದ ತಂದ ಹೊಸ ಅಂಗಿಯೂ ಬೇಡ ಎಂದೆ. "ನನ್ ಹತ್ರ ಯಾಕೆ ಕಿರುಚ್ತೀರಿ, ದೇವ್ರ ಹತ್ರ ಹೇಳ್ರೀ" ಎಂದು ಅವಳು ಹಿಟ್ಟು ನಾದತೊಡಗಿದಳು.

ಮರುಭಾನುವಾರದ ಪ್ರಾರ್ಥನೆ ನಮ್ಮ ಮನೆಯಲ್ಲೇ ಇತ್ತು. ಇಪ್ಪತ್ತು ಜನ ಒತ್ತೊತ್ತಾಗಿ ಕೂತು ಕಣ್ಣು ಮುಚ್ಚಿದ್ದೇ ತಡ, ಸುಗುಣ ಶುರುಮಾಡಿದಳು. "ತಂದೆಯೇ, ನಮ್ಮನೆಯವ್ರಿಗೆ ಸ್ಟಾರ್ ಹಿಡಿಯೋವಷ್ಟು ದೀನತೆ ಕೊಡು. ಬಾತ್‌ರೂಮಲ್ಲಿ ಇವ್ರು ಹಾಡೋದನ್ನ ಇಷ್ಟು ವರ್ಷ ಸಹಿಸೋ ಶಕ್ತಿ ನಂಗೆ ಕೊಟ್ಟಿದ್ದಕ್ಕೆ ನಿನಗೆ ಸ್ತೋತ್ರ." ಯಾರೋ ಕೆಮ್ಮಿದರು. ಅದು ಕೆಮ್ಮಲ್ಲ, ನುಂಗಿದ ನಗು. "ಹೌದು ಕರ್ತನೇ, ಹೌದು" ಎಂದು ಗ್ರೇಸಮ್ಮ ಬೇರೆ ಸೇರಿಸಿದರು. ನನ್ನ ರಕ್ತ ಕುದಿಯಿತು. ಕೂಟದಲ್ಲಿ ಒಂದು ದಿನವೂ ಬಾಯಿಬಿಟ್ಟು ಪ್ರಾರ್ಥಿಸದ ನಾನು ಕೂತಲ್ಲೇ ಗುಡುಗಿದೆ.

"ಕರ್ತನೇ! ಮೂವತ್ತು ವರ್ಷ ನಿನ್ನ ಹುಟ್ಟುಹಬ್ಬಕ್ಕೆ ಹಾಡಿದ್ದೀನಿ. ಮಳೇಲಿ ಹಾಡಿದ್ದೀನಿ, ಜ್ವರದಲ್ಲಿ ಹಾಡಿದ್ದೀನಿ. ನಡೆಯೋಕೂ ಬರದ ಮಗೂನ ಹೆಗಲ ಮೇಲೆ ಕೂರಿಸ್ಕೊಂಡು ಹಾಡಿದ್ದೀನಿ. ಆ ಮಗು ಈಗ ನಂಗೆ ಕೋಲು ಹಿಡ್ಕೋ ಅಂತಿದೆ!" ಮೂಲೆಯಲ್ಲಿ ಕೃಪಾ ಮೂಗೆಳೆದುಕೊಂಡದ್ದು ಕೇಳಿಸಿತು. ಅಲ್ಲಿಗೆ ನನ್ನ ದನಿಯೂ ಒಡೆಯಿತು. "ಉಪವಾಸ ಗೊತ್ತಿಲ್ಲ ನಂಗೆ, ಬೈಬಲ್ ಓದೋಕೆ ಕೂತ್ರೆ ನಿದ್ದೆ ಬರುತ್ತೆ. ನಿನ್ನ ಹತ್ರ ಬರೋಕೆ ನಂಗೆ ಗೊತ್ತಿರೋದು ಈ ಹಾಡೊಂದೇ ಕಣಪ್ಪಾ. ಇವ್ರ ಮಾತು ನಾನು ನಂಬಲ್ಲ. ನಾನು ಹಾಡೋದು ನಿಲ್ಲಿಸ್ಬೇಕು ಅಂದ್ರೆ ನೀನೇ ಹೇಳು. ಈಗ್ಲೇ ಹೇಳು!"

ಎಂದು ನಿಲ್ಲಿಸಿದೆ. ನಾನು ನಿಲ್ಲಿಸಿದ್ದು ಉತ್ತರಕ್ಕಾಗಿ. ಆದರೆ ಯಾರಾದರೂ ಪ್ರಾರ್ಥನೆ ನಿಲ್ಲಿಸಿದರೆ ಏನು ಮಾಡಬೇಕೆಂದು ನಮ್ಮವರಿಗೆ ತೊಟ್ಟಿಲಿನಿಂದಲೇ ಅಭ್ಯಾಸ. ಕಣ್ಣು ಮುಚ್ಚಿದ್ದ ಇಪ್ಪತ್ತು ಜನ, ಒಂದೇ ಉಸಿರಿಗೆ, ಒಂದೇ ಶ್ರುತಿಯಲ್ಲಿ, "ಆಮೆನ್" ಎಂದರು.

ಮೊದಲು ಕಿಸಕ್ಕೆಂದವಳು ಕೃಪಾ. ಆಮೇಲೆ ಗ್ರೇಸಮ್ಮ, ಆಮೇಲೆ ಇಡೀ ಕೂಟ. ನನಗೆ ನೆತ್ತಿಗೇರಿದ್ದ ಕೋಪ ಇನ್ನೂ ಇಳಿದಿರಲಿಲ್ಲ, ಅಷ್ಟರಲ್ಲಿ ಹಾಳಾದ ನಗು ನನ್ನ ಬಾಯಿಂದಲೂ ಹೊರಬಿತ್ತು. ಕೃಪಾ ಬಂದು ಕೈ ಹಿಡಿದುಕೊಂಡು, "ಸಾರಿ ದೊಡ್ಡಪ್ಪಾ, ಹಾಡಿ, ಆದ್ರೆ ಮೆಲ್ಲಗೆ" ಎಂದಳು. "ಬೇಡ ಹೋಗೇ, ಕೊಡು ಆ ಕೋಲು" ಎಂದು ಗದರಿದೆ. ಬುದ್ಧಿ ಬಂದಾಗಿನಿಂದ ನಾನು ಮನಸ್ಸಿನಲ್ಲೇ ಪ್ರಾರ್ಥಿಸುತ್ತ ಬಂದಿದ್ದೇನೆ, ಕೆಲಸಕ್ಕಾಗಿ, ಬಡ್ತಿಗಾಗಿ, ಮಂಡಿನೋವಿಗಾಗಿ. ಯಾವುದಕ್ಕೂ ಇಷ್ಟು ಬೇಗ, ಇಷ್ಟು ಸ್ಪಷ್ಟವಾಗಿ ಉತ್ತರ ಬಂದದ್ದಿಲ್ಲ. ದೇವರಿದ್ದಾನೆ ಎನ್ನುವುದರಲ್ಲಿ ನನಗೀಗ ಎಳ್ಳಷ್ಟೂ ಅನುಮಾನ ಉಳಿದಿಲ್ಲ.