ಸೋಮವ್ವನಿಗೆ ಗೊತ್ತಿಲ್ಲವೆಂಬ ದಾಖಲೆ

ಸಂಶೋಧನ ಲೇಖನದ ಪೀಠಿಕೆಯಲ್ಲಿ ಮೂರೇ ಪ್ಯಾರಾ ಇರತಕ್ಕದ್ದೆಂದು ೧೯೮೨ರಲ್ಲಿ ಬಾಗಲಕೋಟೆಯ ಒಂದು ಕಾಲೇಜಿನ ತ್ರೈಮಾಸಿಕ ಪತ್ರಿಕೆ ನಿಯಮ ಮಾಡಿತು. ಮೊದಲನೆಯದರಲ್ಲಿ, ವಿಷಯ ಬಹು ಮಹತ್ವದ್ದು ಎನ್ನಬೇಕು. ಎರಡನೆಯದರಲ್ಲಿ, ಇದು ಈವರೆಗೆ ಯಾರಿಗೂ ಗೊತ್ತಿಲ್ಲ ಎನ್ನಬೇಕು. ಮೂರನೆಯದರಲ್ಲಿ, ಆದಕಾರಣ ನಾನು ಬಂದಿದ್ದೇನೆ ಎನ್ನಬೇಕು. ಎರಡನೆಯದಕ್ಕೆ ದಾಖಲೆ ಲಗತ್ತಿಸತಕ್ಕದ್ದು.

ಬನಶಂಕರಿ ಅಲ್ಲಿ ಐದು ವರ್ಷದಿಂದ ಹಂಗಾಮಿ ಅಧ್ಯಾಪಕಿ. ಮಾರ್ಚಿನೊಳಗೆ ಒಂದು ಲೇಖನ ಅಚ್ಚಾದರೆ ನೌಕರಿ ಖಾಯಂ, ಇಲ್ಲವಾದರೆ ಮನೆಯ ದಾರಿ. ಇಳಕಲ್ಲಿನ ನೇಕಾರರ ಮಗಳಾದ್ದರಿಂದ, ಸೀರೆಯ ಒಡಲಿಗೆ ಸೆರಗಿನ ನೂಲನ್ನು ಎಳೆಎಳೆಯಾಗಿ ಕೊಂಡಿ ಹಾಕಿ ಜೋಡಿಸುವ ಬಗೆಯನ್ನೇ ಬರೆದಳು. ಅವಳವ್ವ ಸೋಮವ್ವ ನಲವತ್ತು ವರ್ಷ ಮಾಡಿದ ಕೆಲಸ ಅದು.

ಸಂಪಾದಕ ರಾಚಯ್ಯನವರು ಲೇಖನ ಮೆಚ್ಚಿದರು; ಮೆಚ್ಚಿ ವಾಪಸು ಕೊಟ್ಟರು.

"ಬಾಯಾರ, ಭಾಳ ಛಲೋ ಬರದೀರಿ. ಆದರ ಸೋಮವ್ವ ಹೇಳಿದ್ಲು ಅಂತ ಹಾಕೀರಿ. ಅಂದಮ್ಯಾಲ ಒಬ್ಬಾಕಿಗೆ ಗೊತ್ತಾತಲ್ಲ? ನಿಮ್ಮ ಎರಡನೇ ಪ್ಯಾರಾ ಬಿತ್ತು."

"ಆಕಿಗೆ ಗೊತ್ತಿತ್ತಂತನ ನಾ ಬರದೇನ್ರಿ ಸರ್."

"ಅದನ್ನ ಯಾರ ಮುಂದೂ ಅನಬ್ಯಾಡ್ರಿ. ಗೊತ್ತಿಲ್ಲಂತ ಆಕಿ ಕಡಿಂದ ಬರಸ್ಕೊಂಡು ಬರ್ರಿ."

ಬನಶಂಕರಿ ಶನಿವಾರದ ಬಸ್ಸಿಗೆ ಇಳಕಲ್ಲಿಗೆ ಹೋದಳು. ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತಿದ್ದ ಸೋಮವ್ವ ಕಾಗದ ಓದಿಸಿಕೊಂಡಳು: "ಸದರಿ ಜೋಡಣೆ ನನಗೆ ಗೊತ್ತಿರುವುದಿಲ್ಲ. ನನ್ನ ಕೈಗಳು ತಾವಾಗಿ ಮಾಡಿದ್ದರೆ ಅದಕ್ಕೆ ನಾನು ಹೊಣೆಯಲ್ಲ."

"ಹೆಬ್ಬಟ್ಟ ಒತ್ತಿದ್ರ ನಿನ್ನ ನೌಕರಿ ಗಟ್ಟಿ ಆಗ್ತೈತೇನ?"

"ಹೂಂ, ಯವ್ವಾ."

"ತಾ ಇಲ್ಲೆ. ಆಕಿಗೇನು ಗೊತ್ತೈತಿ ಅಂತ ನಿಮ್ಮಪ್ಪ ಜಲ್ಮಪೂರ್ತಿ ಬಿಟ್ಟಿ ಅಂದ. ಇದಕ್ಕರ ಪಗಾರ ಬರ್ತೈತಿ."

ಒತ್ತಿದಳು. ಒತ್ತಿದ ಮೇಲೆ ಸುಳ್ಳಾಗಬಾರದೆಂದು ಮಗ್ಗದಿಂದ ಎದ್ದಳು. ಅಕ್ಕಪಕ್ಕದವರಿಗೂ ಗೊತ್ತಿಲ್ಲವೇ ಎಂದು ರಾಚಯ್ಯನವರು ಕೇಳಿದ್ದರಿಂದ ಓಣಿಯ ಅರವತ್ತು ಮನೆಗಳೂ ಒತ್ತಿದವು. ನೇಕಾರರ ಸಂಘದ ಕಾರ್ಯದರ್ಶಿ ಕಾಳಪ್ಪ ಅಂಗಡಿಗೆ ಫಲಕ ತೂಗಹಾಕಿದ: "ಸೆರಗು ಇನ್ನೂ ಪತ್ತೆಯಾಗಿರುವುದಿಲ್ಲ. ಸಂಚಿಕೆ ಬರುವವರೆಗೆ ಗ್ರಾಹಕರು ಸಹಕರಿಸಬೇಕು." ಗ್ರಾಹಕರು ಸಹಕರಿಸಿದರು. ಹುನಗುಂದದ ಒಬ್ಬ ಮದುಮಗಳು ತಲೆಗೆ ಟವೆಲ್ ಹೊದ್ದು ಅಕ್ಷತೆ ಹಾಕಿಸಿಕೊಂಡಳು.

ಮಾರ್ಚಿನಲ್ಲಿ ಸಂಚಿಕೆ ಬಂತು, ನೌಕರಿ ಖಾಯಂ ಆಯಿತು. ಬನಶಂಕರಿ ಓಣಿಯವರನ್ನೆಲ್ಲ ಕೂಡಿಸಿ ಲೇಖನ ಓದಿದಳು. ಸೋಮವ್ವ ಕೇಳುತ್ತ ಕೊಂಡಿ ಹಾಕಿದಳು. ನಡುವೆ ಕೈ ನಿಂತಿತು. ಅಚ್ಚಿನವರು ಒಂದು ಸಾಲು ನುಂಗಿದ್ದರು.

"ಹಿಂಗ ಹಾಕಿದ್ರ ಸೆರಗು ಕಳಚತೈತಿ."

"ಸೋಮವ್ವಕ್ಕಾ, ನಿನಗ ಗೊತ್ತಿಲ್ಲಂತ ನೀನ ಬರಕೊಟ್ಟೀ," ಎಂದ ಕಾಳಪ್ಪ.

ಸೋಮವ್ವ ಮಗಳ ಮುಖ ನೋಡಿದಳು. ಮಗಳು ಪುಟ ನೋಡಿದಳು.

"ಅದೂ ಖರೆ," ಎಂದು ಸೋಮವ್ವ ಅಚ್ಚಿನಲ್ಲಿದ್ದ ಹಾಗೆಯೇ ಕೊಂಡಿ ಹಾಕಿದಳು.

ಆ ಓಣಿಯ ಸೀರೆಗಳ ಸೆರಗು ಮೂರನೆಯ ಒಗೆತಕ್ಕೆ ಕಳಚತೊಡಗಿತು. ರಾಚಯ್ಯನವರು ಬನಶಂಕರಿಗೆ ಬಡ್ತಿಯ ದಾರಿ ತೋರಿಸಿದರು: ಸೆರಗು ಯಾಕೆ ಕಳಚುತ್ತದೆಂಬುದು ಮಹತ್ವದ ವಿಷಯ, ಈವರೆಗೆ ಯಾರಿಗೂ ಗೊತ್ತಿಲ್ಲ.

ಮುಂದಿನ ಶನಿವಾರ ಅವಳು ಬಸ್ಸಿಳಿದು ಬರುವಷ್ಟರಲ್ಲಿ ಸೋಮವ್ವ ಹೆಬ್ಬೆರಳಿಗೆ ಮಸಿ ಹಚ್ಚಿಕೊಂಡು ಕಟ್ಟೆಯ ಮೇಲೆ ಕೂತಿದ್ದಳು.