ಸದ್ದಿಲ್ಲದೆ ಮನೆ ಒಡೆದುಕೊಡಲಾಗುವುದು

ಎಲ್ಲದಕ್ಕೂ ಕಾರಣ, ಮೇಷ್ಟ್ರಿಗೆ ‘ಡೆಮಾಲಿಷನ್’ ಎಂಬ ಪದ ಹಿಡಿಸದೆ ಹೋದದ್ದು.

ಆ ಪದ ಬರೆದವನು ರಸಮಟ್ಟ. ಅದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಅವನು ಮನೆ ಕಟ್ಟಿಸಿಕೊಡುವ ಕಂಟ್ರಾಕ್ಟರು. ನೆಲ, ಗೋಡೆ ಸಮನಾಗಿದೆಯೇ ಎಂದು ನೋಡುವ ರಸಮಟ್ಟದ ಪಟ್ಟಿಯನ್ನು ಸದಾ ಕಂಕುಳಲ್ಲಿಟ್ಟುಕೊಂಡು ತಿರುಗುತ್ತಿದ್ದುದರಿಂದ ಬೀದಿಯವರೆಲ್ಲ ಹಾಗೇ ಕರೆಯುತ್ತಿದ್ದರು. ನೆಂಟರ ಮನೆಗೆ ಹೋದರೂ ಗೋಡೆಯ ಮೇಲಿನ ಸೊಟ್ಟ ಫೋಟೋವನ್ನು ನೆಟ್ಟಗೆ ಮಾಡಿಯೇ ಕುರ್ಚಿಯಲ್ಲಿ ಕೂರುವ ಪ್ರಾಣಿ. ಇಪ್ಪತ್ತು ವರ್ಷದಲ್ಲಿ ನಲವತ್ತು ಮನೆ ಎಬ್ಬಿಸಿದ್ದ. ಆದರೆ ಈಗ ಎಂಟು ತಿಂಗಳಿಂದ ಒಬ್ಬನೇ ಒಬ್ಬ ಮನುಷ್ಯ ಮನೆ ಕಟ್ಟಿಸುವ ಮಾತೆತ್ತಿರಲಿಲ್ಲ. ಕಟ್ಟಿದ್ದ ಮನೆಗಳೇ ಬೀಗ ಹಾಕಿಕೊಂಡು ನಿಂತಿದ್ದವು. ಮನೆಯ ಮುಂದಿನ ಕೋಣೆಯನ್ನೇ ಆಫೀಸು ಮಾಡಿಕೊಂಡಿದ್ದ ರಸಮಟ್ಟ, ನಕ್ಷೆಯ ಸುರುಳಿಯಿಂದ ನೊಣ ಹೊಡೆಯುತ್ತ ಕೂತಿರುತ್ತಿದ್ದ.

ಅವನ ಹೆಂಡತಿ ಬಾಯಿ ಮಾಡುವವಳಲ್ಲ. ಅದೇ ತೊಂದರೆ. ಬಾಯಿ ಮಾಡುವವರು ಮರೆಯುತ್ತಾರೆ, ಮೆಲ್ಲಗೆ ಹೇಳುವವರು ಮರೆಯುವುದಿಲ್ಲ. ಈ ಮಂಗಳವಾರ ಸಂಜೆ ಆರರೊಳಗೆ ಒಂದಾದರೂ ಕೆಲಸ ಕುದುರದಿದ್ದರೆ ಬುಧವಾರದಿಂದ ತನ್ನ ಅಣ್ಣನ ಟೈಲ್ಸ್ ಅಂಗಡಿಗೆ ಹೋಗಿ ಕೂರಬೇಕು ಎಂದು ಅವಳು ಮೆಲ್ಲಗೆ ಹೇಳಿ ಎರಡು ವಾರವಾಗಿತ್ತು. ಅಣ್ಣನೂ ಒಪ್ಪಿದ್ದ. ಬಾಗಿಲ ಪಕ್ಕ ಒಂದು ಸ್ಟೂಲು ಹಾಕಿಸಿದ್ದೇನೆ ಎಂದು ಹೇಳಿಕಳಿಸಿದ್ದ.

ಆ ಸ್ಟೂಲು ನೆನೆದರೇ ರಸಮಟ್ಟ ನೊಣ ಹೊಡೆಯುವುದನ್ನೂ ಮರೆಯುತ್ತಿದ್ದ. ಭಾವ ಕೆಟ್ಟವನಲ್ಲ. ತಮ್ಮನ ಜೊತೆ ಸೇರಿ ಅಂಗಡಿ ನಡೆಸುತ್ತಿದ್ದ, ಎರಡೂ ಸಂಸಾರ ಒಂದೇ ಮನೆಯಲ್ಲಿದ್ದವು. ಆದರೆ ಒಂದು ಟೈಲ್ಸನ್ನು ಕೈಗೆತ್ತಿಕೊಂಡರೆ ಅದರ ಹುಟ್ಟು, ಬೆಳವಣಿಗೆ, ಸ್ವಭಾವ ಎಲ್ಲ ಹೇಳಿ ಮುಗಿಸಲು ಅರ್ಧ ಗಂಟೆ ಹಿಡಿಯುತ್ತಿತ್ತು. ಕೊಳ್ಳುವವರು ಎದ್ದು ಹೋಗಬಹುದು. ಸ್ಟೂಲಿನ ಮೇಲೆ ಕೂತವನು ಎಲ್ಲಿಗೆ ಹೋಗಬೇಕು? ನಲವತ್ತು ಮನೆ ಕಟ್ಟಿದ ಕೈ ಹೆಂಡತಿಯ ಅಣ್ಣನ ಅಂಗಡಿಯಲ್ಲಿ ಟೈಲ್ಸಿನ ಧೂಳು ಒರೆಸಬೇಕೆಂದರೆ ನಾಚಿಕೆಯಾಗದೆ ಇರುತ್ತದೆಯೇ?

ಸೋಮವಾರ ಮಧ್ಯಾಹ್ನ ಅವನು ಪಕ್ಕದ ಕಂಪ್ಯೂಟರ್ ಅಂಗಡಿಯವನ ಹತ್ತಿರ ಹೋದ. ಬೀದಿಯಲ್ಲಿ ಅವನಿಗೆ ಕ್ಲಿಕ್ಕು ಎಂದು ಹೆಸರು. ಮೊಬೈಲಿನಲ್ಲಿ ಜಾಹೀರಾತು ಹಾಕಿದರೆ ಸತ್ತ ವ್ಯಾಪಾರವೂ ಎದ್ದು ಕೂರುತ್ತದೆ ಎಂದು ಕ್ಲಿಕ್ಕು ವರ್ಷದಿಂದ ಹೇಳುತ್ತಲೇ ಇದ್ದ. ‘ಹೊಸ ಮನೆ ಕನ್‌ಸ್ಟ್ರಕ್ಷನ್, ಹಳೆ ಮನೆ ಡೆಮಾಲಿಷನ್’ ಎಂದು ರಸಮಟ್ಟ ಒಂದು ಚೀಟಿಯಲ್ಲಿ ಬರೆದು ಕೊಟ್ಟ. ಕ್ಲಿಕ್ಕು ಮೊದಲರ್ಧಕ್ಕೆ ಗೀಟು ಎಳೆದ. ಯಾರೂ ಕಟ್ಟಿಸದ ಕಾಲದಲ್ಲಿ ಕಟ್ಟುತ್ತೇನೆ ಎಂದರೆ ಯಾರು ನೋಡುತ್ತಾರೆ, ಜಾಹೀರಾತಿನಲ್ಲಿ ಒಂದೇ ಮಾತಿರಬೇಕು ಎಂದ.

ಅಲ್ಲೇ ಕೂತು ಪುಕ್ಕಟೆ ಪೇಪರ್ ಓದುತ್ತಿದ್ದ ನಿವೃತ್ತ ಭಾಷಾ ಮೇಷ್ಟ್ರು ಉಳಿದರ್ಧಕ್ಕೆ ಕೈಹಾಕಿದರು. ಬೇಡ ಎನ್ನುವ ಧೈರ್ಯ ಅಲ್ಲಿ ಯಾರಿಗೂ ಇರಲಿಲ್ಲ. ಇಬ್ಬರೂ ಅವರ ಹತ್ತಿರ ಏಟು ತಿಂದು ಕಲಿತವರೇ.

“ಡೆಮಾಲಿಷನ್ ಅಂತೆ. ಒಡೆಯೋದಕ್ಕೆ ನಮ್ಮ ಮಾತಲ್ಲಿ ಪದ ಇಲ್ವೇನೋ?” ಎಂದು ಗದರಿ, ಕನ್ನಡಕ ಏರಿಸಿ, ಮುತ್ತು ಪೋಣಿಸಿದ ಹಾಗೆ ಬರೆದುಕೊಟ್ಟರು.

‘ಮನೆ ಒಡೆಯಬೇಕೇ? ಚಿಂತೆ ನಮಗೆ ಬಿಡಿ. ಎಷ್ಟೇ ಹಳೆಯ, ಎಷ್ಟೇ ಗಟ್ಟಿಯ ಮನೆಯಾದರೂ ಒಂದೇ ವಾರದಲ್ಲಿ ಸದ್ದಿಲ್ಲದೆ ಒಡೆದುಕೊಡಲಾಗುವುದು. ನೆರೆಹೊರೆಗೆ ತಿಳಿಯುವುದಿಲ್ಲ. ಇಪ್ಪತ್ತು ವರ್ಷಗಳ ಅನುಭವ.’

ಕ್ಲಿಕ್ಕು ಅದಕ್ಕೆ ನಡುವೆ ಬಿರುಕು ಬಿಟ್ಟ ಒಂದು ಮನೆಯ ಚಿತ್ರ ಹಚ್ಚಿದ. ಯಾರಿಗೆ ಕಾಣಿಸಬೇಕು ಎಂದು ಕಂಪ್ಯೂಟರು ಕೇಳಿತಂತೆ. ಜನ ಜಾಸ್ತಿ ಇರುವ ಮನೆಯವರೇ ಹಳೆಯದನ್ನು ಒಡೆದು ದೊಡ್ಡದು ಕಟ್ಟಿಸುವವರು ಎಂದು ಲೆಕ್ಕ ಹಾಕಿ, ಕೂಡುಕುಟುಂಬ, ಮದುವೆಯಾದ ಹೆಂಗಸರು, ಮೂವತ್ತರ ಮೇಲೆ ಎಂದು ಒತ್ತಿದ.

ಮಂಗಳವಾರ ಬೆಳಿಗ್ಗೆ ಒಂಬತ್ತಕ್ಕೆ ಜಾಹೀರಾತು ಹೊರಟಿತು. ಒಂಬತ್ತೂ ಹತ್ತಕ್ಕೆ ಫೋನು ಬಂತು.

“ಮನೆ ಒಡೆಯೋರು ನೀವೇನಾ?” ಹೆಂಗಸಿನ ದನಿ, ಪಿಸುಮಾತು.

“ಹೌದಮ್ಮ.”

“ನಿಜವಾಗ್ಲೂ ಯಾರಿಗೂ ಗೊತ್ತಾಗಲ್ವಾ?”

“ಸುತ್ತ ಪರದೆ ಕಟ್ಟಿಬಿಡ್ತೀವಿ. ಒಳಗೇನ್ ನಡೀತಿದೆ ಅಂತ ಬೀದಿಗೆ ಗೊತ್ತಾಗಲ್ಲ.”

“ಬೀದಿ ಹಾಳಾಗ್ಲಿ, ನಮ್ಮತ್ತೆಗೆ ಗೊತ್ತಾಗಬಾರ್ದು. ಮೂರು ಗಂಟೆಗೆ ಬನ್ನಿ, ಮಲಗಿರ್ತಾರೆ.”

ಪಾಪ, ಹಿರಿಯರಿಗೆ ಹಳೇ ಮನೆಯ ಮೇಲೆ ಮೋಹವಿರುತ್ತದೆ ಎಂದುಕೊಂಡು ರಸಮಟ್ಟ ವಿಳಾಸ ಬರೆದುಕೊಂಡ. ಫೋನು ಕೆಳಗಿಡುವುದರೊಳಗೆ ಇನ್ನೊಂದು ಬಂತು. ಒಬ್ಬ ಗಂಡಸು, ತಮ್ಮ ಮನೆ ಹೊರಗಿಂದ ನೋಡಿದರೆ ಗಟ್ಟಿ, ಒಳಗೆಲ್ಲ ಬಿರುಕು ಎಂದು ಅತ್ತುಕೊಂಡ. ತೇವ ಹಿಡಿದಿರಬೇಕು ಎಂದು ರಸಮಟ್ಟ ಸಮಾಧಾನ ಹೇಳಿದ. ಮತ್ತೊಬ್ಬ ಮುದುಕಿ ಸುಮ್ಮನೆ ಬೈದಳು. ನಿನ್ನ ಮನೆಯಲ್ಲಿ ಅಕ್ಕ ತಂಗಿಯರಿಲ್ಲವೇ, ಮನೆ ಒಡೆದು ಹೊಟ್ಟೆ ಹೊರೆಯುತ್ತೀಯಲ್ಲ, ನಿನ್ನ ಬಾಯಿಗೆ ಮಣ್ಣು ಬೀಳ ಎಂದಳು. ಮಣ್ಣಿನಲ್ಲೇ ಬದುಕಿದವನಿಗೆ ಅದೇನೂ ಶಾಪವಾಗಿ ಕಾಣಲಿಲ್ಲ. ಮಧ್ಯಾಹ್ನ ಎರಡೂವರೆಯವರೆಗೆ ಫೋನು ಕಿವಿಯಿಂದ ಇಳಿಯಲಿಲ್ಲ. ಅಡುಗೆಮನೆಯಿಂದ ಹೆಂಡತಿ ಇಣುಕಿ ನೋಡಿ ಒಳಗೆ ಹೋದಳು. ಅವಳ ಮುಖದಲ್ಲಿ ಸಣ್ಣ ನಗು ಇದ್ದಂತೆ ಕಂಡಿತು. ರಸಮಟ್ಟನಿಗೆ ಸ್ಟೂಲು ದೂರ ದೂರ ಸರಿಯುತ್ತಿರುವಂತೆ ಎನಿಸಿತು.

ಮೂರು ಗಂಟೆಗೆ ಸರಿಯಾಗಿ ಆ ಮನೆಯ ಗೇಟಿನ ಮುಂದೆ ನಿಂತ. ಫೋನಿನಲ್ಲಿ ಪಿಸುಗುಟ್ಟಿದ್ದ ಹಿರಿಸೊಸೆ ಚಪ್ಪಲಿ ಕೈಯಲ್ಲಿ ಹಿಡಿದು ಬರಲು ಹೇಳಿ ಒಳಗೆ ಕರೆದೊಯ್ದಳು. ಅವನು ಟೇಪು ಹಿಡಿದು ಅಳೆಯತೊಡಗಿದ.

“ಎಲ್ಲಿಂದ ಶುರು ಮಾಡ್ತೀರಿ?” ಎಂದು ಅವಳು ಕೇಳಿದಳು.

“ಮೇಲಿಂದ ಕೆಳಕ್ಕಮ್ಮ. ಭಾರ ಹೊತ್ಕೊಂಡಿರೋದನ್ನ ಕಡೆಗೆ ಮುಟ್ತೀವಿ. ಮೊದಲೇ ಅದನ್ನ ಅಲ್ಲಾಡಿಸಿದ್ರೆ ಎಲ್ಲಾ ತಲೆ ಮೇಲೆ ಬೀಳುತ್ತೆ.”

“ಭಾರ ಹೊತ್ಕೊಂಡಿರೋದು ನಮ್ಮನೆಯವರು. ಅವರಿಗೆ ನಾನು ಹೇಳ್ಕೋತೀನಿ. ನೀವು ಅತ್ತೇದು ನೋಡ್ಕೊಳ್ಳಿ.”

ಅತ್ತೆಯ ಕೋಣೆ ಎಂದುಕೊಂಡು ರಸಮಟ್ಟ ಅದನ್ನೂ ಬರೆದುಕೊಂಡ. ಅಡುಗೆಮನೆ ಎಂದು ಕೇಳಿದರೆ, ಅದೇ ಮೊದಲು ಬೇರೆಯಾಗಬೇಕಾದದ್ದು ಎಂದಳು. ಅವನು ಗೋಡೆಗೆ ಬೆರಳಿನಿಂದ ಕುಟ್ಟಿ ನೋಡಿದ.

“ಗಟ್ಟಿ ಇದೆ. ಸುಲಭಕ್ಕೆ ಬಗ್ಗಲ್ಲ.”

“ಹದಿನಾರು ವರ್ಷದಿಂದ ನೋಡ್ತಿದೀನಿ, ನನಗೆ ಗೊತ್ತಿಲ್ವಾ,” ಎಂದು ಸೊಸೆ ಮೂಗೊರೆಸಿಕೊಂಡಳು.

ಕೆಲಸ ಕುದುರಿದಂತೆಯೇ. ಅಷ್ಟರಲ್ಲಿ ಹಜಾರದ ಗೋಡೆಯ ಮೇಲೆ ತೀರಿಹೋದ ಮಾವನವರ ಫೋಟೋ ಒಂದು ಬೆರಳಷ್ಟು ಸೊಟ್ಟಗಿರುವುದು ಅವನ ಕಣ್ಣಿಗೆ ಬಿತ್ತು. ನೋಡಿಯೂ ಸುಮ್ಮನಿರುವುದು ಅವನ ಜಾಯಮಾನವಲ್ಲ. ರಸಮಟ್ಟದ ಪಟ್ಟಿ ಇಟ್ಟು ಮೆಲ್ಲಗೆ ಸರಿಸಿದ. ಮೊಳೆ ಕಿತ್ತು ಬಂತು. ಮಾವನವರು ಸ್ಟೀಲ್ ಪಾತ್ರೆಗಳ ಸ್ಟ್ಯಾಂಡಿನ ಮೇಲೆ ಬಿದ್ದರು. ಸದ್ದಿಲ್ಲದೆ ಒಡೆಯುವವನ ಕೆಲಸ ಮೂರು ಬೀದಿಗೆ ಕೇಳಿಸಿತು.

ಅತ್ತೆ ಎದ್ದು ಬಂದರು. ಯಾರಪ್ಪ ನೀನು ಎಂದು ಕೇಳಿದರು. ಹಿಂದಿನಿಂದ ಸೊಸೆ ಕೈ ಆಡಿಸುತ್ತಿದ್ದಳು, ಆದರೆ ರಸಮಟ್ಟ ವ್ಯಾಪಾರದಲ್ಲಿ ಸುಳ್ಳು ಹೇಳುವವನಲ್ಲ.

“ಮನೆ ಒಡೆಯೋಕೆ ಬಂದಿದೀನಮ್ಮ. ನಿಮ್ಮ ಸೊಸೆಯೋರು ಕರೆಸಿದ್ರು.”

ಮಾತು ಮನೆ ಕೆಡಿಸಿತು, ತೂತು ಒಲೆ ಕೆಡಿಸಿತು ಎಂಬ ಗಾದೆ ನಿಜವಾಗಲು ಅರೆ ನಿಮಿಷ ಸಾಕಾಯಿತು. ಪಾತ್ರೆ ಬಿದ್ದ ಸದ್ದಿಗೆ ಬಂದ ಪಕ್ಕದ ಮನೆಯ ಟೈಲರು ಕೊರಳಲ್ಲಿ ಟೇಪು ಹಾಕಿಕೊಂಡೇ ಗೇಟು ಮುಚ್ಚಿದ. ಎದುರು ಮನೆಯ ನಿವೃತ್ತ ಗುಮಾಸ್ತರು, ಇಂಥವರು ಈಗ ಮೊಬೈಲಿನಲ್ಲೇ ಬರುತ್ತಾರಂತೆ, ಪೊಲೀಸರಿಗೆ ಕೊಡುವುದೇ ಸರಿ ಎಂದರು. ಯಾರೋ ಅವನ ಅಂಗಿಯ ಕೊರಳಪಟ್ಟಿ ಹಿಡಿದರು. ತಾನು ಇಟ್ಟಿಗೆ, ಸಿಮೆಂಟಿನ ಮನೆ ಒಡೆಯುವವನು, ಬೇಕಾದರೆ ಜಾಹೀರಾತು ನೋಡಿ ಎಂದು ರಸಮಟ್ಟ ಫೋನು ಮುಂದೆ ಹಿಡಿದ. ಅತ್ತೆ ಅದನ್ನು ಕಿತ್ತುಕೊಂಡು, ಕನ್ನಡಕ ಹಾಕಿ, ಎಲ್ಲರಿಗೂ ಕೇಳುವಂತೆ ಓದಿದರು. ಓದುವಾಗಲೂ ಅದು ಕೈಯಲ್ಲಿ ರಿಂಗಾಗುತ್ತಲೇ ಇತ್ತು. ‘ಎಷ್ಟೇ ಹಳೆಯ, ಎಷ್ಟೇ ಗಟ್ಟಿಯ’ ಎನ್ನುವಲ್ಲಿಗೆ ಬಂದಾಗ ರಸಮಟ್ಟನಿಗೇ ಅರ್ಥವಾಯಿತು. ಪೆಟ್ಟು ತಿನ್ನುವುದು ಖಂಡಿತ ಎಂದು ಅವನು ರಸಮಟ್ಟದ ಪಟ್ಟಿಯನ್ನು ಎದೆಗೆ ಅವಚಿಕೊಂಡ.

ಅತ್ತೆ ಸೊಸೆಯ ಕಡೆ ತಿರುಗಿ ನೀನೇ ಕರೆಸಿದ್ದಾ ಎಂದರು. ಸೊಸೆ ಅಳುತ್ತ ಹೌದೆಂದು ತಲೆಯಾಡಿಸಿದಳು. ಅತ್ತೆ ಮೆಲ್ಲಗೆ ಕುರ್ಚಿಯಲ್ಲಿ ಕೂತರು.

“ಮೊದಲೇ ಹೇಳಬಾರದಿತ್ತೇನೇ? ಒಂಬತ್ತು ಜನಕ್ಕೆ ಬೇಯಿಸಿ ಬೇಯಿಸಿ ನನಗೂ ಸಾಕಾಗಿದೆ. ಒಂದು ಸಣ್ಣ ಮನೇಲಿ ನನ್ನ ಪಾಡಿಗೆ ನಾನಿರೋಣ ಅಂತ ಎಷ್ಟು ಸಲ ಅಂದ್ಕೊಂಡಿದೀನಿ. ನೀನು ನೊಂದ್ಕೋತೀಯ ಅಂತ ಬಾಯಿ ಬಿಡಲಿಲ್ಲ.”

ಸೊಸೆ ಬಂದು ಅತ್ತೆಯ ಮಡಿಲಲ್ಲಿ ತಲೆಯಿಟ್ಟಳು. ಹದಿನಾರು ವರ್ಷದಲ್ಲಿ ಇಬ್ಬರೂ ಒಪ್ಪಿದ ಮೊದಲ ವಿಷಯ ಅದು. ಅಂಗಿ ಹಿಡಿದಿದ್ದ ಕೈ ಸಡಿಲವಾಯಿತು. ಗುಮಾಸ್ತರೂ ಕಣ್ಣೊರೆಸಿಕೊಂಡರು. ಜೀವ ಉಳಿಯಿತಲ್ಲ ಎಂದು ರಸಮಟ್ಟನಿಗೆ ಎಷ್ಟು ಹಗುರವಾಯಿತೆಂದರೆ, ಹಾಳು ಆಸೆಯೂ ಜೊತೆಗೇ ಎದ್ದಿತು. ಹಾಗಾದರೆ ಅಮ್ಮನವರಿಗೆ ಒಂದು ಪುಟ್ಟ ಮನೆ ತಾನೇ ಕಟ್ಟಿಕೊಡಲೇ ಎಂದು ಕೇಳಿದ.

“ಕಟ್ಟೋದ್ಯಾಕಪ್ಪ? ಹಿಂದಿನ ಬೀದೀಲಿ ಮೂರು ಮನೆ ಖಾಲಿ ಬಿದ್ದಿವೆ, ಯಾರಾದ್ರೂ ಬಂದ್ರೆ ಸಾಕು ಅಂತಿದಾರೆ.”

ಅದರಲ್ಲಿ ಒಂದನ್ನು ಕಟ್ಟಿದವನು ರಸಮಟ್ಟನೇ. ಒಳ್ಳೇ ಮನೆ ಎಂದು ಹೇಳುವುದು ಬಿಟ್ಟು ಅವನಿಗೆ ಬೇರೆ ದಾರಿ ಇರಲಿಲ್ಲ.

ಫೋನು ವಾಪಸು ಇಸಿದುಕೊಂಡು, ಅದರ ಬಾಯಿ ಮುಚ್ಚಿಸಿ ಜೇಬಿಗೆ ಹಾಕಿದ. ಕ್ಲಿಕ್ಕುವಿನ ಅಂಗಡಿಗೆ ಹೋಗಿ ಮೊದಲು ಜಾಹೀರಾತು ತೆಗೆಸಿದ. ಇಷ್ಟು ಜನ ನೋಡಿದ ಜಾಹೀರಾತು ತನ್ನ ಜನ್ಮದಲ್ಲೇ ಇಲ್ಲ ಎಂದು ಕ್ಲಿಕ್ಕು ಹೊಟ್ಟೆ ಉರಿದುಕೊಂಡೇ ತೆಗೆದ. ಮೇಷ್ಟ್ರು, ಬರಹದಲ್ಲಿ ಒಂದು ತಪ್ಪೂ ಇರಲಿಲ್ಲವಲ್ಲ ಎಂದರು. ಇರಲಿಲ್ಲ, ಅದು ನಿಜ.

ಆರಕ್ಕೆ ಐದು ನಿಮಿಷವಿತ್ತು. ರಸಮಟ್ಟ ಸೋತ ಕಾಲೆಳೆದುಕೊಂಡು ಮನೆಗೆ ಬಂದ. ಆಫೀಸಿನಲ್ಲಿ, ಅವನದೇ ಕುರ್ಚಿಯಲ್ಲಿ ಭಾವ ಕೂತಿದ್ದ. ಕಣ್ಣು ಕೆಂಪಗಿತ್ತು. ಇನ್ನು ಹೇಳುವುದೇನಿದೆ ಎಂದು ರಸಮಟ್ಟ ಮನಸ್ಸು ಗಟ್ಟಿ ಮಾಡಿಕೊಂಡ.

“ನಾಳೆ ಬೆಳಿಗ್ಗೆ ಅಂಗಡಿಗೆ ಬಂದುಬಿಡ್ತೀನಿ ಭಾವ.”

“ಯಾವ ಅಂಗಡಿಗೆ?” ಎಂದ ಭಾವ.

ಹೆಂಡತಿ ಕಾಫಿ ತಂದಿಟ್ಟು ವಿಷಯ ಹೇಳಿದಳು. ಅತ್ತಿಗೆಯೂ ಅವಳ ಓರಗಿತ್ತಿಯೂ ಬೆಳಿಗ್ಗೆ ಒಬ್ಬರಿಗೊಬ್ಬರು ಕಾಣದಂತೆ ಜಾಹೀರಾತಿನಲ್ಲಿದ್ದ ಒಂದೇ ನಂಬರಿಗೆ ಫೋನು ಮಾಡುತ್ತಿದ್ದರಂತೆ. ಮಧ್ಯಾಹ್ನ ಹಿತ್ತಿಲಲ್ಲಿ ಇಬ್ಬರೂ ಎದುರಾದರಂತೆ. ನಂಬರು ದಿನವೆಲ್ಲ ಬಿಡುವಿಲ್ಲವೆಂದು ಕಾದು ಕಾದು, ಕೊನೆಗೆ ನಾಲ್ಕು ಗಂಟೆಗೆ ತಾವೇ ಮನೆ ಒಡೆದುಕೊಂಡರಂತೆ. ಗಂಡಂದಿರನ್ನು ಕರೆಸಿ ಭಾಗ ಮಾಡಿಸಿಯೂ ಆಯಿತು.

ರಸಮಟ್ಟ ಕಾಫಿ ಲೋಟವನ್ನು ಭಾವನ ಕೈಗೆ ಕೊಟ್ಟ. ಭಾವನ ಮುಖ ನೋಡಿ ಪಾಪ ಎನಿಸಿತು. ಆದರೆ ಒಳಗೊಳಗೇ, ಅಂಗಡಿ ಹೋಯಿತು, ಸ್ಟೂಲೂ ಹೋಯಿತು ಎಂಬ ಸಂತೋಷ ಉಕ್ಕುತ್ತಿತ್ತು. ಎಂಟು ತಿಂಗಳಲ್ಲಿ ಅಷ್ಟು ನಿರಾಳವಾಗಿ ಅವನು ಉಸಿರು ಬಿಟ್ಟಿರಲಿಲ್ಲ. ಎಲ್ಲ ಒಳ್ಳೆಯದಕ್ಕೇ ಭಾವ, ಪಾಲಿಗೆ ಬಂದದ್ದು ಪಂಚಾಮೃತ ಎಂದು ಬೆನ್ನು ಸವರಿದ.

“ಅದೇ ನಾನೂ ಅಂದ್ಕೊಂಡೆ,” ಎಂದ ಭಾವ, ತುಸು ಚೇತರಿಸಿಕೊಂಡು. “ತಮ್ಮನಿಗೆ ಅಂಗಡಿ ಹೋಯ್ತು. ನನ್ನ ಪಾಲಿಗೆ ಟೈಲ್ಸು.”

ಹೊರಗೆ ಒಂದು ಲಾರಿ ಬಂದು ನಿಂತಿತು. ಹಿಂದೆಯೇ ಇನ್ನೊಂದು. ಆಳುಗಳು ಪೆಟ್ಟಿಗೆ ಹೊತ್ತು ಅಂಗಳ ತುಂಬಿಸತೊಡಗಿದರು. ಎಲ್ಲಕ್ಕಿಂತ ಮೊದಲು ಇಳಿದದ್ದು ಸ್ಟೂಲು. ಅದನ್ನು ಒಬ್ಬನು ಆಫೀಸಿನ ಬಾಗಿಲ ಪಕ್ಕ ತಂದಿಟ್ಟ. ಭಾವ ಒಂದು ಟೈಲ್ಸನ್ನು ಕೈಗೆತ್ತಿಕೊಂಡು, ಇದರ ಸ್ವಭಾವ ಏನೆಂದರೆ ಎಂದು ಶುರು ಮಾಡಿದ.

ಹೆಂಡತಿ ಸ್ಟೂಲಿನ ಧೂಳು ಒರೆಸಿ, ಗಂಡನ ಕಡೆ ನೋಡಿ ಮೆಲ್ಲಗೆ ಹೇಳಿದಳು.

“ಸದ್ಯ ರೀ, ನಿಮಗೆ ಓಡಾಟ ತಪ್ಪಿತು.”