ಏಳು ಕವಡೆಗೆ ಹುಟ್ಟಿದವರು

ಮಕ್ಕಳಿಲ್ಲದ ಹೆಂಗಸಿಗೆ ಜನ ತೋರಿಸುವ ಕರುಣೆಗೆ ಲೆಕ್ಕವಿಲ್ಲ. ನನ್ನ ಪಾಲಿನದು ನನಗೂ ಸಿಕ್ಕಿದೆ. ಆದರೆ ಠಾಣೆ ಪಕ್ಕದ ಕಳವಾ ಎಂಬ ಊರಿನ ನಮ್ಮ ಚಾಳಿನ ಒಂದೇ ಖೋಲಿಯಲ್ಲಿ ಕೂತು ನಾನು ಮೂವತ್ತು ನಲವತ್ತು ಜನರನ್ನು ಹುಟ್ಟಿಸಿದ್ದೇನೆ ಎಂದರೆ ಆ ಕರುಣಾಳುಗಳು ಏನೆನ್ನುತ್ತಾರೋ ತಿಳಿಯದು. ಒಬ್ಬೊಬ್ಬರಿಗೆ ಐದೈದು ನಿಮಿಷ ಸಾಕಾಗುತ್ತಿತ್ತು. ಬೇಕಾದದ್ದು ಏಳು ಕವಡೆ, ಒಂದು ನೋಟ್‌ಬುಕ್ಕು, ಮತ್ತು ಬಿದ್ದದ್ದನ್ನು ಒಪ್ಪಿಕೊಳ್ಳುವ ಮನಸ್ಸು. ಮೊದಲಿನ ಎರಡು ನನ್ನಲ್ಲಿ ಇದ್ದವು.

ಇದಕ್ಕೆಲ್ಲ ಕಾರಣ ಹಡಗಿನಲ್ಲಿ ಕೆಲಸಕ್ಕಿದ್ದ ನನ್ನ ತಮ್ಮ. ಎಂಬತ್ತನೇ ಇಸವಿಯ ಆಚೀಚೆ ಒಮ್ಮೆ ರಜೆಗೆ ಬಂದವನು, ಅಕ್ಕನಿಗೆ ಸೀರೆ ತರುವುದು ಬಿಟ್ಟು ಯಾವುದೋ ಬಂದರಿನ ಹಳೆ ಸಾಮಾನಿನ ಅಂಗಡಿಯಿಂದ ಒಂದು ಆಟದ ಡಬ್ಬಿ ತಂದ. ಮುಚ್ಚಳದ ಮೇಲೆ ಬೆಂಕಿ ಉಗುಳುವ ದೊಡ್ಡ ಹಲ್ಲಿಯ ಚಿತ್ರ. ಒಳಗೆ ಒಂದು ಇಂಗ್ಲಿಷ್ ಪುಸ್ತಕ ಬಿಟ್ಟರೆ ಏನೂ ಇಲ್ಲ. ಮಣೆಯಿಲ್ಲ, ಕಾಯಿಯಿಲ್ಲ, ದಾಳ ಕೂಡ ಇಲ್ಲ. ನನಗೆ ಸಿಟ್ಟು ಬಂದು ಅದನ್ನು ಅಕ್ಕಿಡಬ್ಬದ ಮೇಲೆ ಎಸೆದಿದ್ದೆ. ಅಲ್ಲಿಂದ ಅದನ್ನು ಇಳಿಸಿದ್ದು ನಮ್ಮವರು.

ನಮ್ಮವರು ಠಾಣೆಯ ಒಂದು ಕಾರ್ಖಾನೆಯಲ್ಲಿ ಪ್ಯಾಕಿಂಗ್ ವಿಭಾಗದಲ್ಲಿದ್ದರು. ಓದಿದ್ದು ಮೆಟ್ರಿಕ್. ಪುಸ್ತಕ ಅರ್ಥವಾಗದೆ ಪಕ್ಕದ ಖೋಲಿಯ ಜೋಶಿಬಾಯಿಯ ಬಳಿಗೆ ಒಯ್ದರು. ಶಾಲೆಯಲ್ಲಿ ಗಣಿತದ ಟೀಚರು. ಆಕೆ ಓದಿ ಹೇಳಿದ ಪ್ರಕಾರ, ಆಡುವವರು ಒಬ್ಬೊಬ್ಬರೂ ಕಾಗದದ ಮೇಲೆ ಒಬ್ಬ ಮನುಷ್ಯನನ್ನು ಹುಟ್ಟಿಸಿಕೊಂಡು, ಅವನು ಏನು ಮಾಡುತ್ತಾನೆಂದು ಬಾಯಲ್ಲಿ ಹೇಳುತ್ತ ಹೋಗಬೇಕು. ಕಾಡು, ಗುಹೆ, ರಾಕ್ಷಸರನ್ನು ನೋಡಿಕೊಳ್ಳಲು ಬೇರೆ ಒಬ್ಬರಿರುತ್ತಾರೆ. ಆದರೆ ನಿಮ್ಮ ಮನುಷ್ಯನ ಕಸುಬೇನು, ಗುಣವೇನು, ಚೀಲದಲ್ಲಿ ಏನಿದೆ ಎಂಬುದು ನಿಮ್ಮ ಕೈಯಲ್ಲಿಲ್ಲ. ದಾಳ ಹಾಕಿ, ಬಿದ್ದ ಸಂಖ್ಯೆಯ ಎದುರು ಪಟ್ಟಿಯಲ್ಲಿ ಏನಿದೆಯೋ ಅದೇ ಸರಿ.

ದಾಳವಿಲ್ಲವೆಂದು ನಮ್ಮವರು ನನ್ನ ಕವಡೆಯ ಚೀಲ ತೆಗೆದರು. ಏಳು ಕವಡೆ ಚೆಲ್ಲಿ, ಬಾಯಿ ಮೇಲೆ ಮಾಡಿ ಬಿದ್ದವನ್ನು ಎಣಿಸುವುದು. ಎರಡು ಸಂಜೆ ಕೂತು ಕನ್ನಡದಲ್ಲಿ ಪಟ್ಟಿ ಬರೆದರು. ಏಳೂ ಬಿದ್ದರೆ ರಾಜ, ಒಂದೂ ಬೀಳದಿದ್ದರೆ ಮಂತ್ರವಾದಿ, ಮೂರಕ್ಕೆ ಅಡುಗೆಯವನು, ನಾಲ್ಕಕ್ಕೆ ಹಮಾಲ, ಹೀಗೆ. ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಆಟ. ಜೋಶಿಬಾಯಿ ರಾಕ್ಷಸರ ಕಡೆ. ಈ ಕಡೆ ನಾವಿಬ್ಬರು ಮತ್ತು ಎದುರು ಖೋಲಿಯ ಭೀಮಪ್ಪ. ವಿಜಾಪುರದ ಕಡೆಯವನು, ತುರ್ಭೆಯಲ್ಲಿ ಲಾರಿಗೆ ಮೂಟೆ ಹೇರುವ ಕೆಲಸ.

ಮೊದಲ ದಿನ ಅವನಿಗೆ ಬಿದ್ದದ್ದು ಹಮಾಲ. ಆ ಮನುಷ್ಯ ಹಳ್ಳದಲ್ಲಿ ಬಿದ್ದು ಸತ್ತ ಮೇಲೆ ಮತ್ತೆ ಹಾಕಿದ, ಮತ್ತೆ ಹಮಾಲ. ಮೂರನೇ ಸಲವೂ ಅದೇ ಬಿದ್ದಾಗ ಭೀಮಪ್ಪ ಕವಡೆ ಕೆಳಗಿಟ್ಟು ನಮ್ಮವರ ಮುಖ ನೋಡಿದ. “ಆರು ದಿನ ತುರ್ಭೆದಾಗ ಹೊರ್ತೀನಿ ಅಣ್ಣಾ. ಏಳನೇ ದಿನ ರಾಕ್ಷಸನ ಮೂಟಿನೂ ನಾನಽ ಹೊರಬೇಕೇನು?”

ನಮಗೂ ಹೆಚ್ಚಿನದೇನೂ ಬೀಳುತ್ತಿರಲಿಲ್ಲ. ಅಡುಗೆಯವರು, ಹಮಾಲರು, ಮತ್ತೆ ಅಡುಗೆಯವರು. ನಮ್ಮ ರಾಜ್ಯಕ್ಕೆ ರಾಜನೇ ಇರಲಿಲ್ಲ. ಕಳವಾಕ್ಕೆ ಯಾವ ರಾಜ ಬರುತ್ತಾನೆ ಮಾರಾಯ್ತಿ ಎಂದು ನಮ್ಮವರು ಸಮಾಧಾನ ಮಾಡಿಕೊಂಡರು. ಕೊನೆಗೆ ಜೋಶಿಬಾಯಿಯೇ ನಕ್ಕು, ಏಳು ಕವಡೆ ಚೆಲ್ಲಿದರೆ ಅರ್ಧ ಹೀಗೆ ಅರ್ಧ ಹಾಗೆ ಬೀಳುವುದೇ ಹೆಚ್ಚು, ಆದ್ದರಿಂದ ಮೂರು ನಾಲ್ಕೇ ಬರುತ್ತಿರುತ್ತದೆ ಎಂದು ವಿವರಿಸಿದಳು. ಇದನ್ನು ಮೊದಲೇ ಯಾಕೆ ಹೇಳಲಿಲ್ಲ ಎಂದರೆ, ಯಾರೂ ಕೇಳಲಿಲ್ಲವಲ್ಲ ಎಂದಳು. ಟೀಚರುಗಳೇ ಹಾಗೆ.

ಸರಿ, ನಮ್ಮವರು ಪಟ್ಟಿ ತಿದ್ದಿ ರಾಜನನ್ನು ಮೂರಕ್ಕೂ ಸೇನಾಪತಿಯನ್ನು ನಾಲ್ಕಕ್ಕೂ ತಂದರು. ಮುಂದಿನ ಭಾನುವಾರ ಇಬ್ಬರು ರಾಜರು ಮತ್ತು ಒಬ್ಬ ಸೇನಾಪತಿ ಹುಟ್ಟಿದರು. ಕಾಡಿನ ಅಂಚಿನಲ್ಲಿ ಸಾಮಾನಿನ ಗಂಟು ಯಾರು ಎತ್ತಬೇಕೆಂದು ಜಗಳ ಶುರುವಾಯಿತು. ಹಸಿವಾದಾಗ ಯಾರಿಗೂ ಒಲೆ ಹಚ್ಚಲು ಬರಲಿಲ್ಲ. ಸಂಜೆ ಚಹಾದ ಹೊತ್ತಿಗೂ ಕಾಡಿನೊಳಗೆ ಒಂದು ಹೆಜ್ಜೆ ಇಟ್ಟಿರಲಿಲ್ಲ. ಹಳೆಯ ಪಟ್ಟಿಯನ್ನೇ ತೆಗೀರಿ ಎಂದು ಮೊದಲು ಹೇಳಿದವನು ಭೀಮಪ್ಪ.

ಹೀಗೆ ಹಳೆಯ ಪಟ್ಟಿಯಿಂದ ಹುಟ್ಟಿದವನು ನಮ್ಮವರ ಅಂತಪ್ಪ. ಕಸುಬು ಅಡುಗೆ. ಗುಣದ ಸಾಲಿನಲ್ಲಿ ‘ಮುಂದೆ ನುಗ್ಗುವವನು’ ಎಂದು ಬಿದ್ದಿತ್ತು. ಚೀಲದಲ್ಲಿ ಒಂದು ಸೌಟು. ನಮ್ಮವರಿಗೆ ಅವನು ಹೇಳಿ ಮಾಡಿಸಿದ ಹಾಗಿದ್ದ. ಗಾಡಿ ನಿಲ್ಲುವ ಮೊದಲೇ ಇಳಿಯುವ ಅಭ್ಯಾಸ ಅವರದು. ಅಂತಪ್ಪ ಎಲ್ಲರಿಗಿಂತ ಮುಂದೆ ಹೋಗಿ ಪೆಟ್ಟು ತಿಂದು ನಗುತ್ತ ವಾಪಸು ಬರುತ್ತಿದ್ದ. ಒಂದು ಭಾನುವಾರ ಅವನು ದೊಡ್ಡ ಗುಹೆಯ ಬಾಗಿಲಿಗೆ ಬಂದಾಗ ನಲ್ಲಿಯಲ್ಲಿ ನೀರು ಬಂತು. ಕೊಡ ತುಂಬಬೇಕಲ್ಲ, ಒಳಗೆ ಹೋಗುವುದು ಮುಂದಿನ ವಾರ ಎಂದು ಎದ್ದೆವು. ಗುರುವಾರ ಕಾರ್ಖಾನೆಯಲ್ಲಿ ನಮ್ಮವರಿಗೆ ಎದೆನೋವು ಬಂತು. ನಾನು ಠಾಣೆಯ ಆಸ್ಪತ್ರೆಗೆ ತಲಪುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಮೂರು ತಿಂಗಳು ನಾನು ಬಾಗಿಲು ಅರ್ಧ ಹಾಕಿಕೊಂಡೇ ಇದ್ದೆ. ಆಮೇಲೊಂದು ಭಾನುವಾರ ಜೋಶಿಬಾಯಿ, ಭೀಮಪ್ಪ ಇಬ್ಬರೂ ಬಂದು ಚಾಪೆಯ ಮೇಲೆ ಕೂತರು. ಆಟದ ಮಾತು ಎತ್ತಲು ಅವರಿಗೆ ಸಂಕೋಚ. ಕೊನೆಗೆ ಜೋಶಿಬಾಯಿ, ಅಂತಪ್ಪ ಊರಿಗೆ ಹೋದ ಎಂದು ಬರೆದುಬಿಡೋಣವೇ ಎಂದು ಮೆಲ್ಲಗೆ ಕೇಳಿದಳು. ಬೇಡ, ಅವನನ್ನು ನಾನು ಆಡಿಸುತ್ತೇನೆ ಎಂದೆ.

ಆಡಿಸಿದೆ ಎನ್ನುವುದಕ್ಕಿಂತ ಕಾದೆ ಎನ್ನಬೇಕು. ಮೊದಲ ವಾರ ಅಂತಪ್ಪ ಗುಹೆಯ ಬಾಗಿಲಲ್ಲೇ ಕೂತು ಗಂಜಿ ಮಾಡಿ ಉಂಡ. ಎರಡನೇ ವಾರ ಶೀತವಾದೀತೆಂದು ತಲೆಗೆ ಮಫ್ಲರ್ ಸುತ್ತಿಕೊಂಡ. ಮೂರನೇ ವಾರ ಒಂದು ಗಳಿಗೆ ಮಲಗಿದ. ಹತ್ತೊಂಬತ್ತು ವರ್ಷ ನಾನು ಹೇಳಿ ಹೇಳಿ ಅವರು ಕೇಳದೆ ಇದ್ದದ್ದನ್ನೆಲ್ಲ ಅಂತಪ್ಪ ತುಟಿ ಬಿಚ್ಚದೆ ಮಾಡಿದ. ಭೀಮಪ್ಪನ ಹಮಾಲ ಹೊರಗೆ ಗಂಟು ಹೊತ್ತು ನಿಂತೇ ಇದ್ದ.

“ವೈನಿ, ಸಿಟ್ಟಾಗಬ್ಯಾಡ್ರಿ,” ಎಂದ ಭೀಮಪ್ಪ, ಚಾಪೆಯ ಕಡ್ಡಿ ಕೀಳುತ್ತ. “ಅಣ್ಣ ಇದ್ದಿದ್ರ ಅಂತಪ್ಪ ಇಷ್ಟೊತ್ತಿಗೆ ಒಳಗ ಹೋಗಿರ್ತಿದ್ದ.”

“ಹೋಗಿ ಸತ್ತರೆ?” ಎಂದು ಕೇಳಿದೆ. ನನ್ನ ಧ್ವನಿ ನನಗೇ ಬೇರೆಯಾಗಿ ಕೇಳಿಸಿತು.

ಜೋಶಿಬಾಯಿ ಕನ್ನಡಕ ತೆಗೆದು ಸೆರಗಿಗೆ ಒರೆಸಿದಳು. “ಸಾಯಬಹುದು ವಹಿನಿ. ಮೀ ಖೋಟಂ ನಾಹಿ ಬೋಲಣಾರ್, ಸುಳ್ಳು ಹೇಳೋದಿಲ್ಲ ನಾನು. ಆದರೆ ಇಲ್ಲಿ ಕೂತಿದಾನಲ್ಲ, ಇದು ಬದುಕಿದ ಹಾಗಲ್ಲ.”

ನಾನು ಎದ್ದು ಹೋಗಿ ಒಂದು ಲೋಟ ನೀರು ಕುಡಿದು ಬಂದೆ. ಕವಡೆ ಕೈಗೆ ತೆಗೆದುಕೊಂಡೆ. ಒಳಗೆ ಹೋಗಲಿ ಎಂದೆ. ಐದು ಬಿತ್ತು. ಜೋಶಿಬಾಯಿ ತನ್ನ ರಾಕ್ಷಸರ ಪಟ್ಟಿ ನೋಡಿ, ಒಳಗೆ ಕತ್ತಲು, ಎದುರಿಗೆ ರಾಕ್ಷಸ ಎದ್ದು ನಿಂತಿದ್ದಾನೆ, ಅಂತಪ್ಪ ಈಗ ಏನು ಮಾಡುತ್ತಾನೆ ಎಂದು ಕೇಳಿದಳು. ನಮ್ಮವರು ಏನು ಹೇಳುತ್ತಿದ್ದರೆಂದು ಹುಡುಕಿದೆ. ಏನೂ ಹೊಳೆಯಲಿಲ್ಲ. ಆಗ ನನ್ನ ಬಾಯಿಂದ ಬಂದದ್ದು ನನ್ನದೇ ಮಾತು: ಇಷ್ಟು ಕೊಳಕು ಜಾಗದಲ್ಲಿ ಇರಲು ನಾಚಿಕೆಯಾಗುವುದಿಲ್ಲವೇ ಎಂದು ಅಂತಪ್ಪ ರಾಕ್ಷಸನನ್ನು ಕೇಳಿದ. ಸೌಟು ತೋರಿಸಿ, ಗುಹೆ ಗುಡಿಸಿ ಎಷ್ಟು ದಿನವಾಯಿತು ಎಂದ. ಭೀಮಪ್ಪ ನಗು ತಡೆಯಲಾರದೆ ಗೋಡೆಗೆ ಒರಗಿದ. ನಾನೂ ನಕ್ಕೆ, ಆಮೇಲೆ ಸ್ವಲ್ಪ ಹೊತ್ತು ಅತ್ತೆ. ಇಬ್ಬರೂ ಬೇರೆ ಕಡೆ ನೋಡುತ್ತ ಕೂತಿದ್ದರು.

ಅಂತಪ್ಪ ಸಾಯಲಿಲ್ಲ. ಅಂದಿನಿಂದ ಅವನು ಹೋದಲ್ಲೆಲ್ಲ ಯಾರಿಗಾದರೂ ಬುದ್ಧಿ ಹೇಳದೆ ಬರುವುದಿಲ್ಲ. ನೋಟ್‌ಬುಕ್ಕಿನಲ್ಲಿ ನಮ್ಮವರ ಅಕ್ಷರದಲ್ಲಿರುವ ‘ಮುಂದೆ ನುಗ್ಗುವವನು’ ಎಂಬುದನ್ನು ಯಾರೂ ಮುಟ್ಟಿಲ್ಲ. ಪಕ್ಕದಲ್ಲಿ ಮಾತ್ರ ಜೋಶಿಬಾಯಿ ನನ್ನನ್ನು ಕೇಳದೆ ಪೆನ್ಸಿಲಿನಿಂದ ‘ಮತ್ತು ಜಗಳಗಂಟ’ ಎಂದು ಮರಾಠಿಯಲ್ಲಿ ಬರೆದಿದ್ದಾಳೆ. ಅದು ಶುದ್ಧ ಸುಳ್ಳೆಂದು ನಾನು ಮುಂದಿನ ಭಾನುವಾರ ಮಧ್ಯಾಹ್ನದಿಂದ ದೀಪ ಹಚ್ಚುವವರೆಗೆ ಅವಳೊಡನೆ ವಾದಿಸಿದೆ.